ಕೊಲೆ ಪ್ರಕರಣದ ಜಾಮೀನು: ಪಾತ್ರ, ಭಯ, ಕಾಲ

2024ರ ಡಿಸೆಂಬರ್ 13ರಂದು ಕರ್ನಾಟಕ ಹೈಕೋರ್ಟ್, ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಸೇರಿದಂತೆ ಏಳು ಆರೋಪಿಗಳಿಗೆ ಜಾಮೀನು ಕೊಟ್ಟಿತು. ಎಂಟು ತಿಂಗಳ ನಂತರ, 2025ರ ಆಗಸ್ಟ್ 14ರಂದು, ಸುಪ್ರೀಂ ಕೋರ್ಟ್ ಆ ಏಳೂ ಮಂದಿಯ ಜಾಮೀನನ್ನು ರದ್ದುಮಾಡಿತು. ಎರಡೂ ನ್ಯಾಯಾಲಯಗಳು ಓದಿದ್ದು ಹೆಚ್ಚುಕಡಿಮೆ ಒಂದೇ ತನಿಖೆಯ ಕಡತವನ್ನು. ಜಾಮೀನು ಸಿಕ್ಕ ದಿನ ಒಂದು ಗುಂಪು ಪಟಾಕಿ ಹೊಡೆಯಿತು, ರದ್ದಾದ ದಿನ ಇನ್ನೊಂದು ಗುಂಪು ‘ನ್ಯಾಯ ಗೆದ್ದಿತು’ ಎಂದಿತು. ಎರಡೂ ಗುಂಪುಗಳು ಜಾಮೀನು ಆದೇಶವನ್ನು ತೀರ್ಪು ಎಂದೇ ಓದಿಕೊಂಡಿದ್ದವು.

ಜಾಮೀನು ಅರ್ಜಿಯನ್ನು ಆಲಿಸುವ ನ್ಯಾಯಾಧೀಶರು ಕೊಲೆ ಮಾಡಿದವರು ಯಾರು ಎಂದು ತೀರ್ಮಾನಿಸುವುದಿಲ್ಲ. ತೀರ್ಮಾನಿಸಲೂ ಬಾರದು. ಅವರ ಮುಂದಿರುವ ಪ್ರಶ್ನೆ ಬೇರೆ: ವಿಚಾರಣೆ ಮುಗಿಯುವ ತನಕ ಈ ವ್ಯಕ್ತಿ ಒಳಗಿರಬೇಕೆ, ಹೊರಗಿರಬಹುದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಮ್ಮ ನ್ಯಾಯಾಲಯಗಳು ಐವತ್ತು ವರ್ಷಗಳಲ್ಲಿ ಬರೆದಿರುವ ಆದೇಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಅಂಶಗಳು ಮತ್ತೆಮತ್ತೆ ಕಾಣುತ್ತವೆ. ಆರೋಪಿಯ ಪಾತ್ರವೇನು, ಆತ ಹೊರಗೆ ಬಂದರೆ ಯಾರಿಗೆ ಭಯ, ಮತ್ತು ಆತ ಒಳಗೆ ಕಳೆದ ಕಾಲವೆಷ್ಟು. ಮೊದಲೆರಡರ ಬಗ್ಗೆ ಕಾನೂನು ಬಹುಮಟ್ಟಿಗೆ ಗಟ್ಟಿಯಾಗಿದೆ. ಮೂರನೆಯದು ಇನ್ನೂ ಅಲುಗಾಡುತ್ತಿದೆ. ಈಚೆಗೆ ದೊಡ್ಡ ಪ್ರಕರಣಗಳ ಹಣೆಬರಹ ನಿರ್ಧಾರವಾಗುತ್ತಿರುವುದು ಆ ಮೂರನೆಯದರ ಮೇಲೆಯೇ.

ಯಾವ ಕೋರ್ಟು, ಯಾವ ಕಲಂ

2024ರ ಜುಲೈ 1ರ ನಂತರದ ಕೊಲೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಅನ್ವಯಿಸುತ್ತದೆ. ಅದಕ್ಕೂ ಹಿಂದಿನವಕ್ಕೆ ಎಲ್ಲರ ಬಾಯಲ್ಲಿರುವ ಐಪಿಸಿ 302. ಶಿಕ್ಷೆ ಎರಡರಲ್ಲೂ ಮರಣದಂಡನೆ ಇಲ್ಲವೆ ಜೀವಾವಧಿ. ಜಾಮೀನಿನ ನಿಯಮಗಳು ಮೊದಲು ಸಿಆರ್‌ಪಿಸಿಯ 437, 438, 439ನೇ ಕಲಂಗಳಲ್ಲಿದ್ದವು. ಈಗ ಅವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480, 482, 483ನೇ ಕಲಂಗಳಾಗಿವೆ. ಸಂಖ್ಯೆ ಬದಲಾಯಿತು, ತಿರುಳು ಹಾಗೇ ಉಳಿಯಿತು.

ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವನ್ನು ಆರೋಪಿ ಮಾಡಿದ್ದಾನೆಂದು ನಂಬಲು ಸಕಾರಣವಿದ್ದರೆ ಮ್ಯಾಜಿಸ್ಟ್ರೇಟರು ಜಾಮೀನು ಕೊಡುವಂತಿಲ್ಲ. ಮಕ್ಕಳು, ಮಹಿಳೆಯರು, ಕಾಯಿಲೆಯವರು, ಅಶಕ್ತರು ಇದಕ್ಕೆ ಹೊರತು. ಆದರೆ ಈ ವಿನಾಯಿತಿ ತಾನಾಗಿ ಬರುವ ಹಕ್ಕಲ್ಲ. ಮೇಲೆ ಹೇಳಿದ ಪ್ರಕರಣದಲ್ಲಿ ಜಾಮೀನು ಕಳೆದುಕೊಂಡ ಏಳು ಮಂದಿಯಲ್ಲಿ ಮಹಿಳೆಯೂ ಇದ್ದರು. ಹದಿನೆಂಟು ತುಂಬದವರ ದಾರಿ ಬೇರೆಯೇ. ಬಾಲ ನ್ಯಾಯ ಕಾಯ್ದೆಯ 12ನೇ ಕಲಂ ಪ್ರಕಾರ ಆರೋಪ ಕೊಲೆಯದ್ದಾದರೂ ಬಿಡುಗಡೆಯೇ ನಿಯಮ. ಕೆಟ್ಟ ಸಹವಾಸಕ್ಕೆ ಬೀಳುವ ಅಪಾಯ, ನ್ಯಾಯದ ಉದ್ದೇಶಕ್ಕೆ ಭಂಗ ಮುಂತಾದ ಕಾರಣಗಳಿದ್ದರೆ ಮಾತ್ರ ತಡೆಯಬಹುದು.

ಹೀಗಾಗಿ ಕೊಲೆ ಕೇಸಿನ ಬೇಲ್ ಅರ್ಜಿ ವಾಸ್ತವವಾಗಿ ಶುರುವಾಗುವುದು ಸೆಷನ್ಸ್ ನ್ಯಾಯಾಲಯದಲ್ಲಿ. ಸರ್ಕಾರಿ ಅಭಿಯೋಜಕರಿಗೆ ನೋಟಿಸ್ ಹೋಗುತ್ತದೆ, ತನಿಖಾಧಿಕಾರಿ ತಕರಾರು ಸಲ್ಲಿಸುತ್ತಾರೆ. ಆ ತಕರಾರಿನ ಸಾಲುಗಳು ವಕೀಲರಿಗೆಲ್ಲ ಬಾಯಿಪಾಠ: ಆರೋಪಿ ತಲೆಮರೆಸಿಕೊಳ್ಳುವ ಸಂಭವವಿದೆ, ಸಾಕ್ಷಿದಾರರಿಗೆ ಬೆದರಿಕೆ ಹಾಕುವ ಸಂಭವವಿದೆ, ಇಂಥದೇ ಕೃತ್ಯ ಮತ್ತೆ ಎಸಗುವ ಸಂಭವವಿದೆ. ಮೊದಲ ಅರ್ಜಿ ಸಾಮಾನ್ಯವಾಗಿ ‘ತನಿಖೆ ಪ್ರಗತಿಯಲ್ಲಿದೆ’ ಎಂಬ ಕಾರಣಕ್ಕೆ ಬಿದ್ದುಹೋಗುತ್ತದೆ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ‘ಸನ್ನಿವೇಶ ಬದಲಾಗಿದೆ’ ಎಂದು ಎರಡನೆಯದು ಬರುತ್ತದೆ. ಅದೂ ತಿರಸ್ಕೃತವಾದರೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ನಿಜವಾದ ಹಣಾಹಣಿ ಅಲ್ಲಿ. ಕೊಲೆ ಪ್ರಕರಣದಲ್ಲಿ ನಿರೀಕ್ಷಣಾ ಜಾಮೀನು ಅಪರೂಪ. ಹೆಸರು ಮಾತ್ರ ಎಫ್‌ಐಆರ್‌ನಲ್ಲಿದ್ದು ಕೃತ್ಯ ಏನೂ ಹೇಳಿಲ್ಲದವರಿಗೆ, ಎರಡೂ ಕಡೆಯವರು ದೂರು ಪ್ರತಿದೂರು ಕೊಟ್ಟ ಗಲಾಟೆಗಳಲ್ಲಿ ಕೆಲವೊಮ್ಮೆ ಸಿಗುತ್ತದೆ.

ಮೊದಲನೆಯದು ಪಾತ್ರ

2010ರ ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಂಟು ಅಂಶಗಳ ಪಟ್ಟಿ ಕೊಟ್ಟಿತು. ಆರೋಪ ಮೇಲ್ನೋಟಕ್ಕೆ ನಂಬುವಂತಿದೆಯೆ, ಅದರ ಸ್ವರೂಪವೇನು, ಶಿಕ್ಷೆ ಎಷ್ಟು ಕಠಿಣ, ಆರೋಪಿ ಪರಾರಿಯಾಗಬಹುದೆ, ಅವನ ನಡತೆ ಮತ್ತು ಸಮಾಜದಲ್ಲಿನ ಸ್ಥಾನಮಾನ, ಅಪರಾಧ ಮರುಕಳಿಸುವ ಸಂಭವ, ಸಾಕ್ಷಿಗಳ ಮೇಲೆ ಪ್ರಭಾವ, ಒಟ್ಟಾರೆ ನ್ಯಾಯಕ್ಕೆ ಅಡ್ಡಿ. ಇಂದಿಗೂ ಜಾಮೀನು ಆದೇಶಗಳು ಈ ಪಟ್ಟಿಯನ್ನು ಉಲ್ಲೇಖಿಸದೆ ಮುಗಿಯುವುದು ಕಡಿಮೆ. ಆದರೆ ಎಂಟಕ್ಕೂ ಸಮಾನ ತೂಕವಿಲ್ಲ. ದೋಷಾರೋಪ ಪಟ್ಟಿ ಬಂದ ಹೊಸತರಲ್ಲಿ ನ್ಯಾಯಾಧೀಶರು ಮೊದಲು ಹುಡುಕುವುದು ಆರೋಪಿಯ ಕೈಯಲ್ಲಿ ಏನಿತ್ತು ಎಂಬುದನ್ನು.

ಹೊಲದ ಬದುವಿನ ಜಗಳವೊಂದು ಕೊಲೆಯಲ್ಲಿ ಮುಗಿದಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಏಳು ಆರೋಪಿಗಳು. ಎ1 ಮಚ್ಚಿನಿಂದ ತಲೆಗೆ ಹೊಡೆದ, ಎ2 ದೊಣ್ಣೆಯಿಂದ ಕಾಲಿಗೆ ಹೊಡೆದ, ಎ3 ಮತ್ತು ಎ4 ಕೈ ಹಿಡಿದುಕೊಂಡರು, ಉಳಿದ ಮೂವರು ‘ಬಿಡಬೇಡ, ಹೊಡಿ’ ಎಂದು ಕೂಗಿದರು ಎನ್ನುತ್ತದೆ ದೂರು. ಮರಣೋತ್ತರ ಪರೀಕ್ಷೆಯ ವರದಿ ಸಾವಿಗೆ ಕಾರಣ ತಲೆಯ ಗಾಯ ಎನ್ನುತ್ತದೆ. ಆರೋಪಿಯ ವಕೀಲರು ಮೊದಲು ಓದುವುದು ಆ ಗಾಯಗಳ ಪಟ್ಟಿಯನ್ನು. ಕಾಲಿನ ಮೇಲೆ ಬಾವು ಮಾತ್ರ ಇದ್ದರೆ ಎ2ಗೆ ಆಸೆ ಇದೆ. ಕೂಗಿದರೆನ್ನಲಾದ ಮೂವರ ಬಗ್ಗೆ ಪ್ರತ್ಯಕ್ಷ ಸಾಕ್ಷಿಗಳೆಲ್ಲ ಒಂದೇ ವಾಕ್ಯವನ್ನು ಅಕ್ಷರ ತಪ್ಪದೆ ಹೇಳಿದ್ದರೆ ಅವರಿಗೂ ಆಸೆ ಇದೆ. ಅಭಿಯೋಜಕರ ಉತ್ತರ ಸಿದ್ಧವಿರುತ್ತದೆ: ಇದು ಸಮಾನ ಉದ್ದೇಶದ ಕೃತ್ಯ, ಕಾನೂನುಬಾಹಿರ ಕೂಟದಲ್ಲಿದ್ದ ಪ್ರತಿಯೊಬ್ಬನೂ ಹೊಣೆ, ಹಿಡಿದುಕೊಂಡವನಿಲ್ಲದಿದ್ದರೆ ಹೊಡೆಯುವವನಿಗೆ ಹೊಡೆಯಲಾಗುತ್ತಿತ್ತೆ? ಕಾನೂನಿನ ಮಟ್ಟಿಗೆ ಅವರ ಮಾತು ಸರಿ. ಆದರೂ ಇಂಥ ಪ್ರಕರಣಗಳಲ್ಲಿ ಕೂಗಿದವರು ಮೊದಲು ಹೊರಬರುತ್ತಾರೆ, ಹಿಡಿದುಕೊಂಡವರು ಆಮೇಲೆ, ಮಚ್ಚು ಹಿಡಿದವನು ಕೊನೆಗೆ.

ಇಲ್ಲಿಂದಲೇ ‘ಸಮಾನತೆ’ಯ ವಾದ ಹುಟ್ಟುತ್ತದೆ. ಎ5ಗೆ ಕೊಟ್ಟಿದ್ದೀರಿ, ಎ4ಗೆ ಏಕಿಲ್ಲ? ಗುಜರಾತಿನ ಕಛ್ ಜಿಲ್ಲೆಯ ಜಮೀನು ವಿವಾದವೊಂದರಲ್ಲಿ ಐವರು ಹತರಾದ ಪ್ರಕರಣದಲ್ಲಿ ಹೀಗೆ ಒಬ್ಬರ ಹಿಂದೆ ಒಬ್ಬರಿಗೆ ಜಾಮೀನು ಸಿಕ್ಕಿತ್ತು. 2021ರ ಏಪ್ರಿಲ್‌ನಲ್ಲಿ ರಮೇಶ್ ಭವನ್ ರಾಠೋಡ್ ತೀರ್ಪಿನ ಮೂಲಕ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಪಡಿಸಿ ಹೇಳಿತು: ಕೈಯಲ್ಲಿ ಒಂದೇ ತರಹದ ಆಯುಧವಿದ್ದ ಮಾತ್ರಕ್ಕೆ ಇಬ್ಬರೂ ಸಮಾನರಲ್ಲ, ಘಟನೆಯಲ್ಲಿ, ಬಲಿಯಾದವರಿಗೆ ಎದುರಾಗಿ, ಪ್ರತಿಯೊಬ್ಬನ ಪಾತ್ರ ನೋಡಬೇಕು. ಅದೇ ತೀರ್ಪು ಇನ್ನೊಂದು ರೂಢಿಗೂ ಚಾಟಿ ಬೀಸಿತು. ‘ಎರಡೂ ಕಡೆಯ ವಕೀಲರು ವಿವರ ಕಾರಣಗಳಿಗೆ ಒತ್ತಾಯಿಸಲಿಲ್ಲ’ ಎಂದು ಬರೆದು ಕಾರಣವನ್ನೇ ಹೇಳದೆ ಜಾಮೀನು ಕೊಡುವ ರೂಢಿ ಅದು. ಕಾರಣ ಕೊಡುವುದು ವಕೀಲರು ಬಿಟ್ಟುಕೊಡಬಹುದಾದ ಸೌಲಭ್ಯವಲ್ಲ, ನ್ಯಾಯಾಲಯದ ಕರ್ತವ್ಯ ಎಂದಿತು.

ಹಾಗೆಂದು ಕಾರಣ ಹೇಳುವ ಭರದಲ್ಲಿ ಸಾಕ್ಷ್ಯವನ್ನು ಜಾಲಾಡಲೂ ಬಾರದು. ಯಾವ ಸಾಕ್ಷಿ ನಂಬಲರ್ಹ, ಯಾವ ಪಂಚನಾಮೆ ಸುಳ್ಳು ಎಂದು ಹೈಕೋರ್ಟ್ ಈಗಲೇ ಬರೆದುಬಿಟ್ಟರೆ ವಿಚಾರಣಾ ನ್ಯಾಯಾಲಯಕ್ಕೆ ಉಳಿಯುವುದೇನು? ಕಾರಣ ಬೇಕು, ತೀರ್ಪು ಬೇಡ. ಈ ಕಿರಿದಾದ ಜಾಗದಲ್ಲಿ ಆದೇಶ ಬರೆಯಬೇಕು. 2004ರಲ್ಲಿ ಕಲ್ಯಾಣ್ ಚಂದ್ರ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಬಿಹಾರದ ಶಾಸಕ ಅಜಿತ್ ಸರ್ಕಾರ್ ಹತ್ಯೆಯಲ್ಲಿ ಆರೋಪಿಯಾಗಿದ್ದ ಪಪ್ಪು ಯಾದವ್ ಅವರಿಗೆ ಪಟ್ನಾ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಅದು ಆಗ ರದ್ದುಮಾಡಿತ್ತು.

ಎರಡನೆಯದು ಭಯ

ಪಾತ್ರ ನೋಡುವುದು ಹಿಂದೆ ನಡೆದದ್ದರ ವಿಚಾರ. ಭಯ ಮುಂದೆ ನಡೆಯಬಹುದಾದದ್ದರ ವಿಚಾರ. ಇದರ ತಳಹದಿ 1977ರ ಕೊನೆಯಲ್ಲಿ ಬಂದ ಗುರ್‌ಚರಣ್ ಸಿಂಗ್ ತೀರ್ಪು. ದೆಹಲಿಯಲ್ಲಿ ಸುಂದರ್ ಎಂಬ ಡಕಾಯಿತನನ್ನು ಕೊಂದ ಆರೋಪ ಪೊಲೀಸ್ ಅಧಿಕಾರಿಗಳ ಮೇಲೆಯೇ ಬಂದಿತ್ತು, ಸಾಕ್ಷಿಗಳಲ್ಲೂ ಪೊಲೀಸರಿದ್ದರು. ಸೆಷನ್ಸ್ ನ್ಯಾಯಾಧೀಶರು ಕೊಟ್ಟ ಜಾಮೀನನ್ನು ದೆಹಲಿ ಹೈಕೋರ್ಟ್ ರದ್ದುಮಾಡಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೇಲಧಿಕಾರಿಯ ವಿರುದ್ಧ ಕೆಳಗಿನವನು ಸಾಕ್ಷಿ ಹೇಳಬೇಕಾದಲ್ಲಿ ಬೆದರಿಕೆಯ ಮಾತೇ ಬೇಕಿಲ್ಲ, ಆತ ಹೊರಗಿದ್ದಾನೆ ಎಂಬುದೇ ಸಾಕು. ಸಾಕ್ಷಿಗಳಿಗೆ ಹೋಲಿಸಿದರೆ ಆರೋಪಿಯ ಸ್ಥಾನ ಎಲ್ಲಿದೆ ಎಂದು ನೋಡುವ ಅಭ್ಯಾಸ ನಮ್ಮ ಜಾಮೀನು ಕಾನೂನಿನಲ್ಲಿ ಅಲ್ಲಿಂದ ಗಟ್ಟಿಯಾಯಿತು.

ಹಳೆಯ ಕೇಸುಗಳಿರುವ ರೌಡಿಶೀಟರ್‌ಗಳ ವಿಷಯದಲ್ಲಿ 2014ರ ನೀರು ಯಾದವ್ ತೀರ್ಪನ್ನು ಅಭಿಯೋಜಕರು ಮುಂದಿಡುತ್ತಾರೆ. ಸಹ ಆರೋಪಿಗೆ ಸಿಕ್ಕಿದೆ ಎಂಬ ಒಂದೇ ಕಾರಣಕ್ಕೆ, ಅಪರಾಧ ಹಿನ್ನೆಲೆಯನ್ನು ಗಮನಿಸದೆ ಕೊಟ್ಟ ಜಾಮೀನು ನಿಲ್ಲುವುದಿಲ್ಲ ಎಂದಿತು ಅದು. ಕೊಲೆ ಪ್ರಕರಣವೊಂದರಲ್ಲಿ ಕುಸ್ತಿಪಟು ಸುಶೀಲ್ ಕುಮಾರ್ ಅವರಿಗೆ ದೆಹಲಿ ಹೈಕೋರ್ಟ್ ನೀಡಿದ್ದ ಜಾಮೀನು 2025ರ ಆಗಸ್ಟ್ 13ರಂದು ರದ್ದಾದಾಗಲೂ ಸಾಕ್ಷಿಗಳ ಪ್ರಶ್ನೆ ಮುಂದಿತ್ತು. ಹೇಳಿಕೆ ಕೊಟ್ಟಿದ್ದ ಹಲವರು ನ್ಯಾಯಾಲಯದಲ್ಲಿ ಪ್ರತಿಕೂಲ ಸಾಕ್ಷಿಗಳಾಗಿದ್ದರು.

ಕರ್ನಾಟಕದ್ದೇ ಉದಾಹರಣೆ ಧಾರವಾಡದಲ್ಲಿದೆ. 2016ರಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯರೊಬ್ಬರ ಕೊಲೆಯಾಯಿತು. ತನಿಖೆ ಕೈಗೆತ್ತಿಕೊಂಡ ಸಿಬಿಐ 2020ರ ನವೆಂಬರ್‌ನಲ್ಲಿ ಮಾಜಿ ಸಚಿವ ವಿನಯ ಕುಲಕರ್ಣಿ ಅವರನ್ನು ಬಂಧಿಸಿತು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಅವರಿಗೆ ಷರತ್ತುಬದ್ಧ ಜಾಮೀನು ಕೊಟ್ಟಿತು. 2025ರ ಜೂನ್‌ನಲ್ಲಿ, ಸಾಕ್ಷಿಗಳನ್ನು ಸಂಪರ್ಕಿಸುವ ಇಲ್ಲವೆ ಪ್ರಭಾವಿಸುವ ಪ್ರಯತ್ನ ನಡೆದಿದೆ ಎನ್ನಲು ಸಾಕಷ್ಟು ಸಾಮಗ್ರಿ ಇದೆ ಎಂದು ಅದೇ ನ್ಯಾಯಾಲಯ ಆ ಜಾಮೀನನ್ನು ರದ್ದುಮಾಡಿತು. ಕೊಲೆಯ ಆರೋಪ ನಿಜವೋ ಸುಳ್ಳೋ ಎಂಬುದು ಆ ಆದೇಶದ ವಿಷಯವಾಗಿರಲಿಲ್ಲ. ಷರತ್ತು ಮುರಿಯಿತೆ ಎಂಬುದಷ್ಟೇ ವಿಷಯ.

ಭಯವನ್ನು ಜೈಲಿನಿಂದಲ್ಲದೆ ಬೇರೆ ರೀತಿಯಲ್ಲೂ ತಡೆಯಬಹುದು. ಜಿಲ್ಲೆಗೆ ಕಾಲಿಡಬಾರದು, ಪಾಸ್‌ಪೋರ್ಟ್ ಒಪ್ಪಿಸಬೇಕು, ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕು ಎಂಬ ಷರತ್ತುಗಳು ಅದಕ್ಕಾಗಿ. ಲಖಿಂಪುರ ಖೇರಿ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಆರೋಪಿ ಆಶಿಶ್ ಮಿಶ್ರಾಗೆ ಮಧ್ಯಂತರ ಜಾಮೀನು ಕೊಟ್ಟ ಸುಪ್ರೀಂ ಕೋರ್ಟ್, ಉತ್ತರ ಪ್ರದೇಶವನ್ನೇ ಬಿಟ್ಟು ಹೋಗಬೇಕೆಂದು ವಿಧಿಸಿತ್ತು. ಇನ್ನೊಂದು ದಾರಿ ಸಾಕ್ಷಿಗೆ ರಕ್ಷಣೆ. 2018ರ ಡಿಸೆಂಬರ್‌ನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು, ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆಂದು ಹೇಳುತ್ತದೆ. ಆದರೆ ಸಾಕ್ಷಿಯನ್ನು ಕಾಯುವುದಕ್ಕೆ ಪೊಲೀಸರು ಬೇಕು, ಹಣ ಬೇಕು. ಆರೋಪಿಯನ್ನು ಒಳಗಿಡುವುದಕ್ಕೆ ಒಂದು ಆದೇಶ ಸಾಕು. ನ್ಯಾಯಾಲಯಗಳು ಎರಡನೆಯದನ್ನು ಆಯ್ದುಕೊಂಡರೆ ಆಶ್ಚರ್ಯವಿಲ್ಲ.

ತೊಂಬತ್ತು ದಿನದ ಗಡುವು

ಪಾತ್ರ, ಭಯ ಯಾವುದನ್ನೂ ಕೇಳದೆ ಸಿಗುವ ಜಾಮೀನೂ ಒಂದಿದೆ. ಬಂಧನಕ್ಕೊಪ್ಪಿಸಿದ ದಿನದಿಂದ 90 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಕೊಲೆ ಆರೋಪಿಗೂ ಬಿಡುಗಡೆ ಹಕ್ಕಾಗುತ್ತದೆ. ಮೊದಲು ಇದು ಸಿಆರ್‌ಪಿಸಿಯ 167(2)ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 187. ಆ ಮೊದಲ ದಿನವನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದರಿಂದ, ಒಂದೇ ದಿನದ ವ್ಯತ್ಯಾಸವೂ ನಿರ್ಣಾಯಕ.

ಈ ಹಕ್ಕಿಗೂ ಮಿತಿ ಬಂದದ್ದು ಒಂದು ಕೊಲೆ ಪ್ರಕರಣದಿಂದಲೇ. ಆಂಧ್ರದ ಮಾಜಿ ಸಚಿವ ವೈ.ಎಸ್. ವಿವೇಕಾನಂದ ರೆಡ್ಡಿ 2019ರ ಮಾರ್ಚ್‌ನಲ್ಲಿ ಪುಲಿವೆಂದುಲದಲ್ಲಿ ಹತ್ಯೆಯಾದರು. ರಾಜ್ಯದ ತನಿಖಾ ತಂಡ ಗಡುವಿನೊಳಗೆ ದೋಷಾರೋಪ ಪಟ್ಟಿ ಸಲ್ಲಿಸಲಿಲ್ಲ, ಆರೋಪಿಯೊಬ್ಬರು ಹೊರಬಂದರು. ಆಮೇಲೆ ಸಿಬಿಐ ಬಂತು, ಸಾಕ್ಷ್ಯ ಕಲೆಹಾಕಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಹೀಗೆ ಸಿಕ್ಕ ಜಾಮೀನು ಮೊಕದ್ದಮೆಯ ಗುಣಾವಗುಣ ನೋಡಿ ಕೊಟ್ಟದ್ದಲ್ಲ, ಮುಂದೆ ಬಲವಾದ, ವಿಶೇಷ ಕಾರಣ ಕಂಡುಬಂದರೆ ರದ್ದುಮಾಡಬಹುದು. ಪೊಲೀಸರು ಬೇಕೆಂದೇ ಗಡುವು ಮೀರಿಸಿ ಆರೋಪಿಗೆ ನೆರವಾಗುವ ದಾರಿ ಇದರಿಂದ ಮುಚ್ಚಿತು. ಆದರೆ ಪೊಲೀಸರ ಸೋಮಾರಿತನಕ್ಕೆ ಇದ್ದ ಒಂದೇ ದಂಡವೂ ಸ್ವಲ್ಪ ಸಡಿಲವಾಯಿತು.

ದೂರುದಾರರ ಮಾತು

ಬಹುಕಾಲ ಜಾಮೀನು ವಿಚಾರಣೆ ಸರ್ಕಾರ ಮತ್ತು ಆರೋಪಿಯ ನಡುವಿನ ವ್ಯವಹಾರವಾಗಿತ್ತು. ಸತ್ತವರ ಮನೆಯವರು ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡು ಹೋಗುತ್ತಿದ್ದರು. ಇದನ್ನು ಬದಲಿಸಿದ್ದು ಲಖಿಂಪುರದ ಪ್ರಕರಣ. 2021ರ ಅಕ್ಟೋಬರ್ 3ರಂದು ಅಲ್ಲಿ ರೈತರ ಪ್ರತಿಭಟನೆಯ ವೇಳೆ ಎಂಟು ಜನ ಸತ್ತಿದ್ದರು. ಅಲಹಾಬಾದ್ ಹೈಕೋರ್ಟ್‌ನಲ್ಲಿ ಜಾಮೀನು ಅರ್ಜಿಯ ಆನ್‌ಲೈನ್ ವಿಚಾರಣೆ ನಡೆಯುವಾಗ ಸಂತ್ರಸ್ತರ ವಕೀಲರ ಸಂಪರ್ಕ ಕಡಿದುಹೋಯಿತು. ಮತ್ತೆ ಕೇಳಿ ಎಂದು ಅವರು ಕೊಟ್ಟ ಅರ್ಜಿಯನ್ನು ಪರಿಗಣಿಸಲಿಲ್ಲ. 2022ರ ಫೆಬ್ರವರಿಯಲ್ಲಿ ಆರೋಪಿ ಆಶಿಶ್ ಮಿಶ್ರಾಗೆ ಜಾಮೀನು ಸಿಕ್ಕಿತು. ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ತನಿಖೆಯ ಹಂತದಿಂದ ಮೇಲ್ಮನವಿಯ ತನಕ ಪ್ರತಿ ಹೆಜ್ಜೆಯಲ್ಲೂ ಮಾತಾಡುವ ಹಕ್ಕು ಸಂತ್ರಸ್ತರಿಗೆ ಇದೆ ಎಂದಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಇದನ್ನು ಮೊದಲೇ ಕಡ್ಡಾಯ ಮಾಡಿತ್ತು. ರಾಜಸ್ಥಾನದ ಕೊಲೆ ಪ್ರಕರಣವೊಂದರಲ್ಲಿ ಸಂತ್ರಸ್ತರಿಗೆ ನೋಟಿಸ್ ಕೊಡದೆ ನೀಡಿದ ಜಾಮೀನನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಆ ಕಾರಣಕ್ಕೆ ಅಳಿಸಿಹಾಕಿತ್ತು.

ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು

ಪತ್ರಿಕೆಗಳು ‘ಜಾಮೀನು ರದ್ದು’ ಎಂದು ಒಂದೇ ಶೀರ್ಷಿಕೆ ಕೊಟ್ಟರೂ ಒಳಗೆ ಎರಡು ಬೇರೆ ಸಂಗತಿಗಳಿವೆ. ಹೊರಬಂದ ಮೇಲೆ ಆರೋಪಿ ತಪ್ಪು ನಡೆದದ್ದಕ್ಕೆ ರದ್ದಾಗುವುದು ಒಂದು. ವಿನಯ ಕುಲಕರ್ಣಿ ಪ್ರಕರಣ ಇದರದ್ದು. ಕೊಟ್ಟ ಆದೇಶವೇ ದೋಷಪೂರಿತ ಎಂದು ಮೇಲಿನ ನ್ಯಾಯಾಲಯ ಅದನ್ನು ತೆಗೆದುಹಾಕುವುದು ಇನ್ನೊಂದು. ಎರಡನೆಯದಕ್ಕೆ ಆರೋಪಿಯ ನಡತೆ ಕೆಟ್ಟಿರಬೇಕಿಲ್ಲ. 2019ರ ಮಹಿಪಾಲ್ ತೀರ್ಪು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು.

ದರ್ಶನ್ ಪ್ರಕರಣವನ್ನು ಈ ಬೆಳಕಿನಲ್ಲಿ ಹತ್ತಿರದಿಂದ ನೋಡಬೇಕು. 2024ರ ಜೂನ್ 11ರಂದು ಬಂಧನ, ಸೆಪ್ಟೆಂಬರ್‌ನಲ್ಲಿ ದೋಷಾರೋಪ ಪಟ್ಟಿ, ಅಕ್ಟೋಬರ್ 14ರಂದು ಸೆಷನ್ಸ್ ನ್ಯಾಯಾಲಯದಿಂದ ಅರ್ಜಿ ವಜಾ, ಅಕ್ಟೋಬರ್ 30ರಂದು ಬೆನ್ನಿನ ಚಿಕಿತ್ಸೆಗೆಂದು ಆರು ವಾರದ ಮಧ್ಯಂತರ ಜಾಮೀನು, ಡಿಸೆಂಬರ್‌ನಲ್ಲಿ ಪೂರ್ಣ ಜಾಮೀನು. ಹೈಕೋರ್ಟ್ ಮುಖ್ಯವಾಗಿ ನೆಚ್ಚಿಕೊಂಡ ಕಾರಣಗಳಲ್ಲೊಂದು, ಬಂಧನದ ಕಾರಣಗಳನ್ನು ಲಿಖಿತವಾಗಿ ಸರಿಯಾದ ರೀತಿಯಲ್ಲಿ ಕೊಟ್ಟಿಲ್ಲ ಎಂಬುದು. ಸಾಕ್ಷಿಗಳ ಹೇಳಿಕೆ ದಾಖಲಿಸುವಲ್ಲಿನ ವಿಳಂಬವನ್ನೂ ಅದು ಎತ್ತಿತು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಇದನ್ನು ಒಪ್ಪಲಿಲ್ಲ. ಬಂಧನದ ಕಾರಣ ಬರಹದಲ್ಲಿ ಕೊಡದಿದ್ದರೂ ಅದರಿಂದ ಆರೋಪಿಗೆ ನಿಜವಾದ ಹಾನಿಯಾಗಿದೆ ಎಂದು ತೋರಿಸದ ಹೊರತು ಜಾಮೀನಿಗೆ ಅದೇ ಆಧಾರವಾಗದು ಎಂದರು. ಸಾಕ್ಷ್ಯದ ಮೌಲ್ಯಮಾಪನಕ್ಕೆ ಹೈಕೋರ್ಟ್ ಇಳಿದದ್ದು ತಪ್ಪು, ಅಪರಾಧದ ಗಾಂಭೀರ್ಯವನ್ನು ಅದು ಗಮನಿಸಲಿಲ್ಲ ಎಂದರು. ಜೈಲಿನಲ್ಲಿ ವಿಶೇಷ ಉಪಚಾರ ನಡೆದರೆ ಜೈಲು ಸೂಪರಿಂಟೆಂಡೆಂಟರೇ ಮೊದಲು ಅಮಾನತಾಗುತ್ತಾರೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು.

ಬಂಧನದ ಕಾರಣದ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ, ಯಾವುದೇ ಅಪರಾಧವಿರಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕಾರಣಗಳನ್ನು ಬರೆದು ಕೊಡಬೇಕು ಎಂದಿತು. ತಕ್ಷಣ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು. ಮೂರು ತಿಂಗಳ ಅಂತರದಲ್ಲಿ ಬಂದ ಈ ಎರಡು ಮಾತುಗಳನ್ನು ಹೊಂದಿಸಿಕೊಂಡು ಹೋಗುವ ಕೆಲಸ ಸೆಷನ್ಸ್ ನ್ಯಾಯಾಧೀಶರ ಪಾಲಿಗೆ ಬಂದಿದೆ.

ಮೂರನೆಯದು ಕಾಲ

ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ದೋಷಾರೋಪ ಪಟ್ಟಿಯಲ್ಲಿ 527 ಸಾಕ್ಷಿಗಳು. 2023ರ ಡಿಸೆಂಬರ್‌ನಲ್ಲಿ ಆರೋಪಿಗಳಲ್ಲಿ ಒಬ್ಬರಿಗೆ ಮೊದಲ ಬಾರಿಗೆ ಹೈಕೋರ್ಟ್ ಜಾಮೀನು ಕೊಟ್ಟಾಗ ವಿಚಾರಣೆಯಾಗಿದ್ದದ್ದು ಆ ಸಾಕ್ಷಿಗಳಲ್ಲಿ 90 ಮಂದಿಯದು. ಸಂಘಟಿತ ಅಪರಾಧ ನಿಯಂತ್ರಣದ ‘ಕೋಕಾ’ ಕಾಯ್ದೆಯ ಬಿಗಿ ಷರತ್ತುಗಳಿದ್ದರೂ, ಐದು ವರ್ಷಕ್ಕೂ ಮಿಕ್ಕಿದ ಸೆರೆವಾಸ ಮತ್ತು ವಿಚಾರಣೆ ಬೇಗ ಮುಗಿಯದೆಂಬ ಸ್ಥಿತಿ ಆ ಆದೇಶಕ್ಕೆ ಆಧಾರವಾದವು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಹೈಕೋರ್ಟಿನ ಆ ಆದೇಶದ ನಂತರ ಉಳಿದವರಲ್ಲಿ ಬಹುತೇಕರಿಗೂ ಒಬ್ಬೊಬ್ಬರಾಗಿ ಜಾಮೀನು ಸಿಕ್ಕಿತು. ಪಾತ್ರ ಬೇರೆಬೇರೆಯಾಗಿದ್ದರೂ ಕಳೆದ ಕಾಲ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಶೀನಾ ಬೋರಾ ಪ್ರಕರಣದಲ್ಲಿ ಇಂದ್ರಾಣಿ ಮುಖರ್ಜಿ 2015ರ ಆಗಸ್ಟ್‌ನಲ್ಲಿ ಬಂಧಿತರಾಗಿ 2022ರ ಮೇ ತಿಂಗಳಲ್ಲಿ ಜಾಮೀನು ಪಡೆದರು. ಆರೂವರೆ ವರ್ಷ ಕಳೆದಿತ್ತು, 237 ಸಾಕ್ಷಿಗಳಲ್ಲಿ 68 ಮಂದಿಯ ಹೇಳಿಕೆಯಷ್ಟೇ ಮುಗಿದಿತ್ತು. ಆರೋಪದ ಬಲಾಬಲದ ಬಗ್ಗೆ ತಾನು ಏನೂ ಹೇಳುತ್ತಿಲ್ಲ ಎಂದೇ ನ್ಯಾಯಾಲಯ ಬಿಡುಗಡೆಗೆ ಆದೇಶಿಸಿತು.

ಇಲ್ಲಿ ಕಾನೂನು ಎರಡು ದನಿಯಲ್ಲಿ ಮಾತಾಡುತ್ತದೆ. ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗವನ್ನು ಕಳೆದ ವಿಚಾರಣಾಧೀನ ಕೈದಿಯನ್ನು ಬಿಡಬೇಕೆನ್ನುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಮರಣದಂಡನೆ ಮತ್ತು ಜೀವಾವಧಿಯ ಅಪರಾಧಗಳನ್ನು ಹೊರಗಿಡುತ್ತದೆ. ಅಂದರೆ ಕೊಲೆ ಆರೋಪಿಗೆ ಶಾಸನದಲ್ಲಿ ಕಾಲದ ಲೆಕ್ಕವೇ ಇಲ್ಲ. ಸಂವಿಧಾನದ 21ನೇ ವಿಧಿ ಮಾತ್ರ ಶೀಘ್ರ ವಿಚಾರಣೆಯ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಹಾಗಾದರೆ ಎಷ್ಟು ವರ್ಷ ಹೆಚ್ಚಾಯಿತು? ಮೂರೇ, ಐದೇ, ಏಳೇ? ಯಾವ ತೀರ್ಪೂ ಸಂಖ್ಯೆ ಕೊಟ್ಟಿಲ್ಲ, ಕೊಡುವುದು ಸುಲಭವೂ ಅಲ್ಲ. ಇನ್ನೊಂದು ಕಡೆ, 2024ರ ನವೆಂಬರ್‌ನಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಕೊಲೆ, ಅತ್ಯಾಚಾರ, ದರೋಡೆಯಂಥ ಪ್ರಕರಣಗಳಲ್ಲಿ ಸಾಕ್ಷಿ ವಿಚಾರಣೆ ಶುರುವಾದ ಮೇಲೆ ಜಾಮೀನು ಅರ್ಜಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಮನಸ್ಸು ಮಾಡಬಾರದು ಎಂದಿತು. ವಿಚಾರಣೆ ಶುರುವಾದ ಮೇಲೆ ಬೇಡ, ವಿಚಾರಣೆ ಮುಗಿಯದಿದ್ದರೆ ಕೊಡಿ ಎಂಬ ಎರಡು ಮಾತುಗಳ ನಡುವಿನ ಅವಧಿಯೇ ನಮ್ಮಲ್ಲಿ ಐದಾರು ವರ್ಷ ಎಳೆಯುತ್ತದೆ.

ಶಿಕ್ಷೆಯಾದ ಮೇಲೂ ಇದೇ ಇಕ್ಕಟ್ಟು. ಮೇಲ್ಮನವಿ ಐದಾರು ವರ್ಷ ಕೇಳದೆ ಬಿದ್ದಿದ್ದು, ಕೊನೆಗೆ ಆತ ನಿರ್ದೋಷಿಯೆಂದಾದರೆ ಕಳೆದ ವರ್ಷಗಳನ್ನು ಯಾರು ಹಿಂದಿರುಗಿಸುತ್ತಾರೆ ಎಂದು 1977ರಲ್ಲೇ ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿತ್ತು.

ಆದೇಶವಾದ ಮೇಲೆ

ಬೇಲ್ ಆಗುವುದು ಬೇರೆ, ಹೊರಗೆ ಬರುವುದು ಬೇರೆ. ಲಕ್ಷ ರೂಪಾಯಿಯ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಶ್ಯೂರಿಟಿ ಎಂದು ಆದೇಶವಾದರೆ ಪಹಣಿ ಹಿಡಿದು ಬಂದು ನಿಲ್ಲುವ ಇಬ್ಬರು ಬೇಕು. ಕೊಲೆ ಆರೋಪಿಗೆ ನಿಲ್ಲಲು ನೆಂಟರೂ ಹಿಂಜರಿಯುತ್ತಾರೆ. ಇದರಿಂದಲೇ ಬಾಡಿಗೆ ಜಾಮೀನುದಾರರ ದಂಧೆ ಬೆಳೆದಿದೆ. ದೇಶದ ಜೈಲುಗಳಲ್ಲಿ 2022ರ ಕೊನೆಗೆ 5,73,220 ಕೈದಿಗಳಿದ್ದರು, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ಸಿಕ್ಕಿಯೂ ಉಳಿದವರು ಇವರ ನಡುವೆ ಇರುತ್ತಾರೆ. ಅವರಿಗಾಗಿ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೆಲವು ನಿರ್ದೇಶನ ಕೊಟ್ಟಿತು. ಆದೇಶದ ಪ್ರತಿಯನ್ನು ಅಂದೇ ಅಥವಾ ಮರುದಿನ ಇಮೇಲ್‌ನಲ್ಲಿ ಜೈಲಿಗೆ ಕಳಿಸಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯವೇ ಮುಂದಾಗಿ ಷರತ್ತು ಸಡಿಲಿಸಬಹುದು.

ಏನು ಮಾಡಬಹುದು

ಪಪ್ಪು ಯಾದವ್ ಅವರ ಕಥೆಯ ಉಳಿದ ಭಾಗ ಇದು. 2008ರಲ್ಲಿ ಸಿಬಿಐ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, 2013ರಲ್ಲಿ ಪಟ್ನಾ ಹೈಕೋರ್ಟ್ ಖುಲಾಸೆ ಮಾಡಿತು. ಹಾಗೆಂದು 2004ರ ಜಾಮೀನು ರದ್ದು ತಪ್ಪಾಗಿತ್ತು ಎನ್ನಲಾಗದು. ಅಂದಿನ ಪ್ರಶ್ನೆ ಅಂದಿನ ಕಡತಕ್ಕೆ ಸೇರಿದ್ದು. ಆದರೆ 1998ರ ಕೊಲೆಗೆ ಹೈಕೋರ್ಟಿನ ಉತ್ತರ 2013ರಲ್ಲಿ ಬಂದರೆ, ಆರೋಪಿ ನಿರ್ದೋಷಿಯಾಗಲಿ ಅಪರಾಧಿಯಾಗಲಿ, ನಡುವಿನ ವರ್ಷಗಳ ತೂಕವೆಲ್ಲ ಜಾಮೀನು ಅರ್ಜಿಯ ಮೇಲೆಯೇ ಬೀಳುತ್ತದೆ. ಕೊಲೆ ಪ್ರಕರಣಗಳಲ್ಲಿ ಶಿಕ್ಷೆಯಾಗುವ ಪ್ರಮಾಣ ದೇಶದಲ್ಲಿ ಅರ್ಧಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಈ ತೂಕ ಸಣ್ಣದಲ್ಲ.

ಇದಕ್ಕೆ ಹೊಸ ಸೂತ್ರಗಳ ಪಟ್ಟಿ ಮದ್ದಲ್ಲ. ಪಟ್ಟಿ 2010ರಿಂದಲೂ ಇದೆ. ಬೇಕಾದದ್ದು ಸಾಕ್ಷಿಗಳ ಸರದಿಯಲ್ಲಿ ಬದಲಾವಣೆ. ಗೌರಿ ಲಂಕೇಶ್ ಪ್ರಕರಣದಂತೆ ನೂರಾರು ಸಾಕ್ಷಿಗಳಿರುವಲ್ಲಿ ಹೆಚ್ಚಿನವರು ಸಾಮಾನ್ಯವಾಗಿ ಮಹಜರಿಗೆ ಸಹಿ ಹಾಕಿದವರು, ದಾಖಲೆ ಒಪ್ಪಿಸಿದ ಅಧಿಕಾರಿಗಳು, ಕರೆ ವಿವರ ಕೊಟ್ಟ ಕಂಪನಿಯ ನೌಕರರು. ಬೆದರಿಸಲು ಸಾಧ್ಯವಿರುವವರು ಪ್ರತ್ಯಕ್ಷದರ್ಶಿಗಳು, ನೆರೆಹೊರೆಯವರು, ಮನೆಯವರು. ಅವರು ಕೆಲವೇ ಮಂದಿ. ದೋಷಾರೋಪ ಹೊರಿಸಿದ ಕೂಡಲೆ ಈ ಕೆಲವರ ಹೇಳಿಕೆಯನ್ನು ದಿನವಹಿ ದಾಖಲಿಸಿ ಮುಗಿಸಿದರೆ ಭಯದ ಪ್ರಶ್ನೆ ಬಹುಪಾಲು ಅಲ್ಲಿಗೆ ತೀರುತ್ತದೆ. ಅಷ್ಟರಮಟ್ಟಿಗೆ ಜಾಮೀನು ತಡೆಹಿಡಿಯುವುದಕ್ಕೆ ಯಾರೂ ಆಕ್ಷೇಪಿಸಲಾರರು. ಆಮೇಲೆ ಉಳಿದ ನೂರಾರು ಔಪಚಾರಿಕ ಸಾಕ್ಷಿಗಳಿಗಾಗಿ ಆರೋಪಿಯನ್ನು ವರ್ಷಗಟ್ಟಲೆ ಒಳಗಿಡಲು ಕಾರಣವೂ ಉಳಿಯುವುದಿಲ್ಲ. ಕೆಲವು ಆದೇಶಗಳು ಈಗಾಗಲೇ ‘ಪ್ರಮುಖ ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಬಹುದು’ ಎಂದು ಬರೆಯುತ್ತವೆ. ಅದರ ಜೊತೆಗೆ ಆ ಸಾಕ್ಷಿಗಳ ಹೆಸರು ಮತ್ತು ಗಡುವನ್ನೂ ಬರೆದರೆ ಅದೊಂದು ನಿಯಮವೇ ಆದೀತು.

ಇದಕ್ಕೆ ಕಾಯ್ದೆ ತಿದ್ದುಪಡಿ ಬೇಕಿಲ್ಲ. ಸೆಷನ್ಸ್ ನ್ಯಾಯಾಧೀಶರ ದಿನಚರಿ, ಅಭಿಯೋಜಕರ ಪೂರ್ವತಯಾರಿ ಮತ್ತು ಸಮನ್ಸ್ ಜಾರಿ ಮಾಡುವ ಪೊಲೀಸರ ಶಿಸ್ತು ಸಾಕು. ಕೊಲೆ ಆರೋಪಿಗೆ ಬೇಲ್ ಸಿಕ್ಕಿತೆಂದು ಸಿಟ್ಟಾಗುವವರು, ಸಿಗಲಿಲ್ಲವೆಂದು ನೊಂದವರು ಇಬ್ಬರೂ ಹೈಕೋರ್ಟಿನ ಆದೇಶವನ್ನು ಬಿಟ್ಟು ಆ ದಿನಚರಿಯ ಕಡೆ ನೋಡಬೇಕು. ಈ ಪ್ರಕರಣದಲ್ಲಿ ಪ್ರತ್ಯಕ್ಷ ಸಾಕ್ಷಿಯ ವಿಚಾರಣೆ ಯಾವ ತಾರೀಕಿಗೆ, ಕಳೆದ ಸಲ ಅದು ಏಕೆ ಮುಂದಕ್ಕೆ ಹೋಯಿತು ಎಂದು ಕೇಳಬೇಕು.